ಸುಮ್ನ ಕೊಟ್ಟಿದ್ರ ಆಗ್ತಿತ್ತಲ್ಲ?

ತೇರದಾಳದ ಬಸ್ ನಿಲ್ದಾಣದ ಮಗ್ಗುಲಲ್ಲಿ ಚಹಾ ಕುಡಿಯುವಾಗ ಉಕ್ರೇನಿನ ಸುದ್ದಿ ಬಂತೆಂದರೆ ಒಂದು ಮಾತು ಕೇಳಿಯೇ ಕೇಳುತ್ತದೆ: ‘ದೊಡ್ಡವರ ಕೂಡ ಯಾಕ ಹಚ್ಕೋಬೇಕ್ರೀ? ಕೇಳಿದ್ದು ಕೊಟ್ಟು ಸುಮ್ನಿರಬೇಕಿತ್ತು.’ ಈ ಮಾತಿಗೆ ನಾನೂ ಎಷ್ಟೋ ಸಲ ತಲೆಯಾಡಿಸಿದ್ದೇನೆ. ಇನ್ನು ಆಡಿಸಲಾರೆ.

1857ರಲ್ಲಿ ಕಂಪನಿ ಸರಕಾರ ಹತಾರ ಒಪ್ಪಿಸಿ ಎಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರ ಮುಂದಿದ್ದದ್ದೂ ಇದೇ ಬುದ್ಧಿಮಾತು. ಬೇಡನಿಗೆ ಹತಾರವೆಂದರೆ ಒಕ್ಕಲಿಗನಿಗೆ ನೇಗಿಲು, ಬನಹಟ್ಟಿಯ ನೇಕಾರನಿಗೆ ಲಾಳಿ ಇದ್ದಂತೆ. ಜಡಗ, ಬಾಲ, ಹನುಮ, ರಾಮ ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲೇ 6 ಜನರನ್ನು ಗಲ್ಲಿಗೇರಿಸಿದರು. ಈ ಕಾಳಗವನ್ನು ಹಾಡಾಗಿ ಕಟ್ಟಿದ ಲಾವಣಿಕಾರ ಕಲಿಗಳ ಹೆಸರು ಹಾಡಿ ಸುಮ್ಮನಾಗಲಿಲ್ಲ. ದಂಡಿನವರು ಉಪ್ಪು, ಬೆಲ್ಲವನ್ನೂ ಬಿಡದೆ ದೋಚಿದ್ದನ್ನು ಒಂದೊಂದಾಗಿ ಎಣಿಸಿದ. ಸಾಮ್ರಾಜ್ಯವೊಂದು ಬಡವನ ಅಡುಗೆಮನೆಗೆ ನುಗ್ಗಿ ಬೆಲ್ಲದ ಗಡಿಗೆಗೆ ಕೈಹಾಕಿತ್ತು! (ಆ ಲಾವಣಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ. ಉಪಕಾರ ನೆನೆಯಬೇಕು.)

ಹತಾರ ಕೊಟ್ಟಿದ್ದರೆ ಬೇಡರು ಉಳಿಯುತ್ತಿದ್ದರೇ? ಉಕ್ರೇನನ್ನೇ ಕೇಳಿ. 1994ರಲ್ಲಿ ಬುಡಾಪೆಸ್ಟಿನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಕೊಟ್ಟ ಭರವಸೆ ನಂಬಿ ತನ್ನ ನೆಲದಲ್ಲಿದ್ದ ಅಣ್ವಸ್ತ್ರ ಒಪ್ಪಿಸಿತು. 2014ರಲ್ಲಿ ಕ್ರಿಮಿಯಾ ಹೋಯಿತು. 2022ರಲ್ಲಿ ರಷ್ಯಾದ ದಂಡು ಕೀವ್ ಬಾಗಿಲಿಗೆ ಬಂತು. ಅಣ್ವಸ್ತ್ರದ ಪೀಡೆ ಯಾರ ಬಳಿಯೂ ಬೇಡ, ಆ ಮಾತು ಬೇರೆ. ಆದರೆ ಕೊಟ್ಟವನನ್ನೂ ಬಿಡಲಿಲ್ಲವಲ್ಲ!

ಹಲಗಲಿ ಸೋತಿತು, ನಿಜ. ನನ್ನ ಮನೆಯ ಸಾಮಾನಿಗೆ ನಿನ್ನ ಅಪ್ಪಣೆ ಯಾಕೆ ಎಂದು ಆ ಬೇಡರು ಕೇಳಿದ ಪ್ರಶ್ನೆಗೆ ಮಾತ್ರ ಕಂಪನಿಯ ಬಳಿ ಬೆಂಕಿ, ನೇಣು ಬಿಟ್ಟರೆ ಉತ್ತರವಿರಲಿಲ್ಲ. ಸ್ವಾತಂತ್ರ್ಯ ಎಂಬ ದೊಡ್ಡ ಶಬ್ದಕ್ಕೆ ನಮ್ಮ ಸೀಮೆಯಲ್ಲಿ ಹುಟ್ಟಿದ ಅರ್ಥ ಅದು.

ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿ ಈ ಲಾವಣಿಯನ್ನು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಅಪ್ಪಂದಿರು ಚಹಾದಂಗಡಿಯಲ್ಲಿ ಕಂಪನಿಯ ಪಕ್ಷ ವಹಿಸುತ್ತಾರೆ. ನಾಚಿಕೆಯಾಗಬೇಕು, ನನಗೂ.

ಬಂಧುಗಳೇ, ಈ ಡಿಸೆಂಬರ್ 14ಕ್ಕೆ ಮಕ್ಕಳನ್ನು ಕರೆದುಕೊಂಡು ಹಲಗಲಿಗೆ ಹೋಗಿಬನ್ನಿ. ಬೆಳಿಗ್ಗೆ ತೇರದಾಳ ಬಿಟ್ಟರೆ ಸಂಜೆಗೆ ಮನೆ ಮುಟ್ಟಬಹುದು. ಅಲ್ಲಿಯವರ ಮುಖ ನೋಡಿ, ‘ಸುಮ್ನ ಕೊಟ್ಟಿದ್ರ ಆಗ್ತಿತ್ತಲ್ಲ’ ಅನ್ನಲು ಬಾಯಿ ಬಂದರೆ ಅನ್ನಿ.