ಸದನದ ಕಿಟಕಿ

ಸಂಸತ್ತಿನ ನೇರ ಪ್ರಸಾರದಿಂದಲೇ ಸದನದ ಘನತೆ ಕುಂದಿತು, ಕ್ಯಾಮೆರಾ ಕಂಡೊಡನೆ ಸದಸ್ಯರು ನಟರಾಗುತ್ತಾರೆ ಎಂದು ನನ್ನ ವಯಸ್ಸಿನ ಅನೇಕರು ಹೇಳುವುದುಂಟು. ನಾನು ಇದನ್ನು ಒಪ್ಪಲಾರೆ. ಇದು ಕುಣಿಯಲಾರದವಳು ನೆಲ ಡೊಂಕೆಂದಂತೆ.

1956ರಲ್ಲಿ ಫಿರೋಜ್ ಗಾಂಧಿಯವರು ತಂದ ಖಾಸಗಿ ಮಸೂದೆಯು ಕಾನೂನಾಗಿ, ಸಂಸತ್ತಿನ ಕಲಾಪವನ್ನು ಪ್ರಾಮಾಣಿಕವಾಗಿ ವರದಿ ಮಾಡುವ ಪತ್ರಿಕೆಗಳಿಗೆ ರಕ್ಷಣೆ ನೀಡಿತು. ತುರ್ತು ಪರಿಸ್ಥಿತಿಯಲ್ಲಿ ಅವರ ಪತ್ನಿ ಇಂದಿರಾ ಗಾಂಧಿಯವರ ಸರಕಾರವೇ ಅದನ್ನು ರದ್ದುಪಡಿಸಿತು. 1977ರಲ್ಲಿ ಅದು ಮರಳಿ ಬಂತು. ಜನರ ಕಣ್ಣಿಗೆ ಅಧಿಕಾರವು ಯಾವಾಗ ಅಂಜುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಕಿಲ್ಲ.

1989ರ ಡಿಸೆಂಬರಿನಲ್ಲಿ ರಾಷ್ಟ್ರಪತಿಗಳ ಭಾಷಣದಿಂದ ಮೊದಲಾದ ಪ್ರಸಾರವು 2006ರಲ್ಲಿ ಲೋಕಸಭಾ ವಾಹಿನಿಯಾಯಿತು. 2021ರಿಂದ ಎರಡೂ ಸದನಗಳಿಗೆ ಸಂಸದ್ ಟಿವಿ ಇದೆ. ಆದರೆ ಕ್ಯಾಮೆರಾ ಇರುವುದು ಸದನದ ಆಡಳಿತದ ಕೈಯಲ್ಲೇ. 2014ರ ಫೆಬ್ರುವರಿ 18ರಂದು ಲೋಕಸಭೆಯು ತೆಲಂಗಾಣ ಮಸೂದೆಯನ್ನು ಅಂಗೀಕರಿಸುವಾಗ ನೇರ ಪ್ರಸಾರವೇ ನಿಂತಿತು. ತಾಂತ್ರಿಕ ದೋಷವೆಂಬ ಸಮಜಾಯಿಷಿ ಬಂತು. ತಮ್ಮ ರಾಜ್ಯ ಎರಡಾಗುವ ಗಳಿಗೆಯನ್ನು ಆಂಧ್ರದ ಜನರೇ ಕಾಣದೆ ಹೋದರು. 2019ರಲ್ಲಿ ನಮ್ಮ ವಿಧಾನಸಭೆಯೂ ಖಾಸಗಿ ವಾಹಿನಿಗಳ ಕ್ಯಾಮೆರಾಗಳನ್ನು ಹೊರಗಿಟ್ಟಿತು.

ಗದ್ದಲವನ್ನೂ ಖಾಲಿ ಆಸನಗಳನ್ನೂ ಇದ್ದಂತೆಯೇ ತೋರಿಸಲಿ. ತೀರ್ಪು ಮತದಾರನದು, ಅವನಿಗೆ ಪೂರ್ತಿ ಸಾಕ್ಷ್ಯ ದೊರೆಯಬೇಕು.

ಪ್ರಿಯ ವಿದ್ಯಾರ್ಥಿಗಳೇ, ಸದನದ ರಚನೆಯನ್ನು ಅಂಕಗಳಿಗಾಗಿ ಕಂಠಪಾಠ ಮಾಡಿದ್ದಿರಿ. ಈಗ ಅಧಿವೇಶನ ನಡೆಯುವಾಗ ಒಂದು ಪ್ರಶ್ನೋತ್ತರ ವೇಳೆಯನ್ನಾದರೂ ಪೂರ್ತಿಯಾಗಿ ನೋಡಿರಿ. ನಿಮ್ಮ ಸಂಸದರು ಏನು ಕೇಳಿದರು, ಮಂತ್ರಿಗಳು ಏನು ಉತ್ತರಿಸಿದರು ಎಂಬುದನ್ನು ಗಮನಿಸಿರಿ. ಇಣುಕುವವರೇ ಇಲ್ಲದ ಕಿಟಕಿಯನ್ನು ಮುಚ್ಚುವುದು ಬಹಳ ಸುಲಭ.