ಕನ್ನಡಿ ಹೊಲಿಯುವ ಕೈಗೆ ಎಲ್‌ಇಡಿಯನ್ನೂ ಕೊಡಿ

ದೀಪಾವಳಿ ಅಮಾವಾಸ್ಯೆ ರಾತ್ರಿ ಔರಾದ್ ಕಡೆಯ ತಾಂಡಾಗಳಲ್ಲಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ 'ಮೇರಾ' ಹಾಡುತ್ತಾರೆ. ಫೇಟಿಯಾ, ಕಾಂಚಳಿ ಉಟ್ಟವರಿದ್ದರೆ ಅದರ ಮೇಲಿನ ಕನ್ನಡಿ ಚೂರುಗಳಲ್ಲಿ ಒಂದೇ ದೀಪ ನೂರಾಗಿ ಮಿಂಚುತ್ತದೆ. ಯಾವ ಬಣ್ಣ, ಎಲ್ಲಿ ಕನ್ನಡಿ, ಎಷ್ಟು ಗೆಜ್ಜೆ ಎಂದು ಹೊಲಿದವಳೇ ಗೊತ್ತುಮಾಡಿದ್ದು. 'ನಾನು ಇಂಥವಳು' ಎಂದು ಬಟ್ಟೆಯಲ್ಲೇ ಹೇಳುವ ಕಲೆ ನಮ್ಮ ಕಡೆ ಮೊದಲಿಂದಲೂ ಇದೆ.

ಈಗ ಅದೇ ಬಟ್ಟೆಗೆ ಪುಟ್ಟ ಎಲ್‌ಇಡಿ ಹೊಲಿಯಬಹುದು. ಆದರೆ ನಮ್ಮ ಶಾಲೆಗಳಲ್ಲಿ ಸೂಜಿ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ. ನನ್ನ ತಕರಾರು ಇರುವುದು ಇಲ್ಲೇ.

ನೀತಿ ಆಯೋಗ 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಶುರು ಮಾಡಿತು. 6ರಿಂದ 12ನೇ ತರಗತಿ ಮಕ್ಕಳಿಗಾಗಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ವಿಜ್ಞಾನ ಪ್ರದರ್ಶನಗಳಲ್ಲಿ ಮಾತ್ರ ಮತ್ತೆ ಮತ್ತೆ ಕಾಣುವುದು ಗೆರೆ ಹಿಡಿದು ಓಡುವ ರೋಬೋಟ್, ತಾನೇ ನೀರು ಬಿಡುವ ಪಂಪ್. ಅವು ಬೇಡ ಎನ್ನುತ್ತಿಲ್ಲ. ಆದರೆ ಮಿನುಗುವ ಜಾಕೆಟ್ ತಂದವಳಿಗೆ 'ಇದರಿಂದ ಏನು ಉಪಯೋಗ?' ಎಂದು ಕೇಳಿದರೆ ಅವಳು ಮುಂದಿನ ಸಲ ಲ್ಯಾಬಿಗೇ ಬರುವುದಿಲ್ಲ.

ಅಮೆರಿಕದ ಲಿಯಾ ಬ್ಯೂಕ್ಲಿ ಎಂಬುವರು ಬಟ್ಟೆಗೆ ಹೊಲಿಯುವಂಥ ಸರ್ಕಿಟ್ ಬೋರ್ಡ್ ಮಾಡಿದರು. ಅದರ ಹೆಸರು ಲಿಲಿಪ್ಯಾಡ್. 2007ರಲ್ಲಿ ಮಾರುಕಟ್ಟೆಗೆ ಬಂತು. 2010ರಲ್ಲಿ ಅವರೂ ಜೊತೆಗಾರರೂ ಲೆಕ್ಕ ಹಾಕಿದಾಗ, ಲಿಲಿಪ್ಯಾಡ್‌ನಿಂದ ಮಾಡಿ ತೋರಿಸಿದ ಕೆಲಸಗಳಲ್ಲಿ ನೂರಕ್ಕೆ 65 ಹೆಣ್ಣುಮಕ್ಕಳವು. ಮಾಮೂಲಿ ಆರ್ಡುಯಿನೋ ಬೋರ್ಡ್‌ನಲ್ಲಿ ನೂರಕ್ಕೆ 2 ಮಾತ್ರ. ಹೆಣ್ಣುಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಬೇಡವಾಗಿರಲಿಲ್ಲ. ಅದು ಅವರ ಕೈಗೆ ಒಗ್ಗುವ ರೂಪದಲ್ಲಿ ಸಿಕ್ಕಿರಲಿಲ್ಲ.

ಮೊದಲ ಸಲ ಮಾಡುವವರಿಗೆ ಬೋರ್ಡೂ ಬೇಕಿಲ್ಲ. 3 ವೋಲ್ಟಿನ ಒಂದು ಬಟನ್ ಸೆಲ್, ಎರಡು-ಮೂರು ಎಲ್‌ಇಡಿ, ಕರೆಂಟ್ ಹರಿಯುವ ಸ್ಟೀಲ್ ದಾರ ಸಾಕು. ದಾರ ಸಿಗದಿದ್ದರೆ ಪ್ಲಾಸ್ಟಿಕ್ ಹೊದಿಕೆಯ ಸಣ್ಣ ತಂತಿ ಇಟ್ಟು, ಮೇಲೆ ಸಾದಾ ದಾರದಿಂದ ಹೊಲಿಯಿರಿ. ಟಿಚ್ ಬಟನ್ನೇ ಸ್ವಿಚ್: ಒತ್ತಿದರೆ ಬೆಳಕು, ಬಿಚ್ಚಿದರೆ ಇಲ್ಲ. ಪ್ಲಸ್ ದಾರ ಮೈನಸ್‌ಗೆ ತಾಗಬಾರದು. ಒಂದೇ ಸೆಲ್ಲಿಗೆ ಕೆಂಪು, ಬಿಳಿ ಎರಡೂ ಜೋಡಿಸಿದರೆ ಕೆಂಪು ಉರಿಯುತ್ತದೆ, ಬಿಳಿ ಮಂಕಾಗುತ್ತದೆ. ಏಕೆಂದರೆ ಕೆಂಪಿಗೆ ಕಡಿಮೆ ವೋಲ್ಟೇಜ್ ಸಾಕು. ಈ ಪಾಠ ಪುಸ್ತಕಕ್ಕಿಂತ ಸೂಜಿಯಲ್ಲಿ ಬೇಗ ತಲೆಗೆ ಹೋಗುತ್ತದೆ.

ಒಂದು ಎಚ್ಚರಿಕೆ. ಬಟನ್ ಸೆಲ್ ಚಿಕ್ಕ ಮಕ್ಕಳು ನುಂಗಿದರೆ ಎರಡೇ ತಾಸಿನಲ್ಲಿ ಅನ್ನನಾಳ ಸುಡಬಹುದು. ಸೆಲ್ಲನ್ನು ಬಾಯಿ ಹೊಲಿದ ಕಿಸೆಯಲ್ಲೇ ಇಡಿ. ಬಟ್ಟೆ ಒಗೆಯುವ ಮುಂಚೆ ಹೊಲಿಗೆ ಬಿಚ್ಚಿ ತೆಗೆದಿಡಿ.

ಬೀದರ್ ಶಹರದವರಿಗೂ ಇಲ್ಲಿ ಕೆಲಸವಿದೆ. ಬಿದ್ರಿಯಲ್ಲಿ ಕಪ್ಪು ಲೋಹದ ಮೇಲೆ ಬೆಳ್ಳಿ ತಂತಿ ಕೂರಿಸುತ್ತಾರೆ. ಬೆಳ್ಳಿಯಲ್ಲಿ ಕರೆಂಟ್ ಹರಿಯುತ್ತದೆ ನಿಜ, ಆದರೆ ಕೆಳಗಿನ ಸತು-ತಾಮ್ರದಲ್ಲೂ ಹರಿಯುವುದರಿಂದ ಅಲ್ಲಿ ದೀಪ ಹತ್ತುವುದಿಲ್ಲ. ಅದೇ ಬಳ್ಳಿ-ಹೂವನ್ನು ಕಪ್ಪು ಬಟ್ಟೆಯ ಮೇಲೆ ಸ್ಟೀಲ್ ದಾರದಲ್ಲಿ ಹೊಲಿದರೆ? ನೋಡಲು ಬಿದ್ರಿಯಂತೆಯೇ ಇರುತ್ತದೆ, ದೀಪವೂ ಹತ್ತುತ್ತದೆ.

ಹಾಗಾಗಿ ನಾನು ಕೇಳುವುದಿಷ್ಟು. ಬಿದ್ರಿ ಕುಶಲಕರ್ಮಿಗಳು ನಕ್ಷೆ ಬರೆದುಕೊಡಲಿ. ಭಾಲ್ಕಿ, ಬೀದರ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಹಳ್ಳಿ ಶಾಲೆಗೆ ಬಂದು ಸರ್ಕಿಟ್ ಕಲಿಸಲಿ. ಔರಾದ್ ತಾಂಡಾದ ಅಜ್ಜಿಯರನ್ನು ಲ್ಯಾಬಿಗೆ ಕರೆಯಿರಿ. ಅತಿಥಿಯಾಗಿ ಶಾಲು ಹೊದಿಸಲು ಅಲ್ಲ, ಹೊಲಿಗೆಯ ಗುರುವಾಗಿ, ಅದಕ್ಕೆ ತಕ್ಕ ಸಂಭಾವನೆ ಕೊಟ್ಟು.

ಮುಂದಿನ ದೀಪಾವಳಿಗೆ ಮೇರಾ ಹಾಡಲು ಹೊರಟ ಹುಡುಗಿಯ ತೋಳಲ್ಲಿ ಅವಳೇ ಹೊಲಿದ ದೀಪವೂ ಇರಲಿ. 'ಏನು ಉಪಯೋಗ' ಎಂದು ಯಾರಾದರೂ ಕೇಳಿದರೆ, 'ನನಗೆ ಛಂದ ಕಾಣಿಸಿತು, ಮಾಡಿದೆ' ಎಂದರೆ ಸಾಕು.