ಅಜ್ಜಿಯ ನಂಬರು ಯಾರದು?

ಮಕ್ಕಳೇ, ಪುಟ್ಟಸ್ವಾಮಿ ಎಂಬ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಪುಣೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಕನ್ನಡದವರೆಂದರೆ ಭೀಮಸೇನ ಜೋಶಿ, ರಾಹುಲ್ ದ್ರಾವಿಡ್ ನೆನಪಾಗುತ್ತಾರೆ. ಈ ಹಿರಿಯರನ್ನೂ ಆ ಸಾಲಿಗೆ ಸೇರಿಸಿಕೊಳ್ಳಿ.

ಕೆ. ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. (ಆ ವಯಸ್ಸಿನವರನ್ನು ನಾವು ಮಹಡಿ ಮೆಟ್ಟಿಲು ಹತ್ತಲೂ ಬಿಡುವುದಿಲ್ಲ!) ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಹಕ್ಕೇ ಹೌದೆಂದರು. ಆಧಾರ್ ಹೋಗಲಿಲ್ಲ, ನಿಜ. ಆದರೆ ಹಕ್ಕು ನಮ್ಮ ಕೈಗೆ ಬಂತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಮೊಕದ್ದಮೆ ಸರ್ಕಾರದ ಮೇಲಿದ್ದರೂ, ಆ ತೀರ್ಪಿನಲ್ಲೇ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ದೊಡ್ಡ ಕಂಪನಿಗಳತ್ತಲೂ ಬೆರಳು ತೋರಿಸಿದರು. ನಾವು ಎಲ್ಲಿಗೆ ಹೋಗುತ್ತೇವೆಂದು ಉಬರ್‌ಗೆ ಗೊತ್ತು, ನಮ್ಮ ಸ್ನೇಹಿತರು ಯಾರೆಂದು ಫೇಸ್‌ಬುಕ್‌ಗೆ ಗೊತ್ತು ಎಂಬುದು ಅವರ ಮಾತಿನ ಸಾರ. 2021ರಲ್ಲಿ ವಾಟ್ಸ್‌ಆ್ಯಪ್ ಹೊಸ ನಿಯಮ ತಂದು, ಒಪ್ಪಿದರೆ ಇರಿ, ಇಲ್ಲವಾದರೆ ಬಿಡಿ ಎಂಬ ಧೋರಣೆ ತೋರಿತಷ್ಟೆ. ಅದಕ್ಕಾಗಿ 2024ರ ನವೆಂಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅದರ ಒಡೆಯರಾದ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು.

"ನಮ್ಮ ಹತ್ತಿರ ಮುಚ್ಚಿಡುವಂಥದ್ದು ಏನಿದೆ ಆಂಟಿ?" ಎಂದು ನೀವು ನಗುತ್ತೀರಿ. ನಿಮ್ಮ ಹತ್ತಿರ ಇಲ್ಲದಿರಬಹುದು. ಆದರೆ ಯಾವುದೋ ಆಟದ ಆ್ಯಪ್ 'ಕಾಂಟ್ಯಾಕ್ಟ್ಸ್' ಕೇಳಿದಾಗ ನೀವು ಹೆಬ್ಬೆರಳು ಒತ್ತುತ್ತೀರಲ್ಲ, ಅದರಲ್ಲಿ ಧಾರವಾಡದ ಅಜ್ಜಿಯ ನಂಬರಿದೆ, ಸೋದರಮಾವನದಿದೆ, ನನ್ನದೂ ಇದೆ. ನಮ್ಮನ್ನು ಯಾರು ಕೇಳಿದರು? ಪಕ್ಕದ ಮನೆಯ ಸಕ್ಕರೆ ಡಬ್ಬಿಯನ್ನು ನೀವು ದಾನ ಕೊಟ್ಟ ಹಾಗಾಯಿತು. ಸಾಲದ ಆ್ಯಪ್‌ಗಳು ಹೀಗೆ ಪಡೆದ ನಂಬರುಗಳಿಗೆಲ್ಲ ಫೋನು ಮಾಡಿ, ಸಾಲಗಾರನ ಮಾನ ಕಳೆದು ಎಷ್ಟೋ ಮನೆಗಳನ್ನು ಅಳಿಸಿವೆ. 2022ರಲ್ಲಿ ರಿಸರ್ವ್ ಬ್ಯಾಂಕು, ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ಸ್ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಬೇಕಾಯಿತು.

ಇವತ್ತು ರಾತ್ರಿ ಊಟವಾದ ಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಪರ್ಮಿಶನ್ಸ್' ತೆರೆದು, ಯಾವ ಯಾವ ಆ್ಯಪ್‌ಗೆ ಕಾಂಟ್ಯಾಕ್ಟ್ಸ್ ಕೊಟ್ಟಿದ್ದೀರೆಂದು ನೋಡಿ, ಬೇಡದ್ದನ್ನು ತೆಗೆಯಿರಿ. ಅಪ್ಪ ಅಮ್ಮನ ಫೋನಿನಲ್ಲೂ ನೀವೇ ಮಾಡಿಕೊಡಿ, ನಮಗೆ ಆ ಸಣ್ಣ ಅಕ್ಷರ ಕಾಣುವುದಿಲ್ಲ. ಇನ್ನು ಲಕ್ಷ್ಮೀ ರಸ್ತೆಯ ಅಂಗಡಿಯಲ್ಲಿ ಬಿಲ್ಲಿಗೆ ಮೊದಲು ನಂಬರು ಕೇಳಿದರೆ, "ನಂಬರ್ ದೇಣಾರ್ ನಾಹೀ" ಎನ್ನಿ. ನಂಬರಿಗಾಗಿ ಒತ್ತಾಯಿಸಬೇಡಿರೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲೇ ಅಂಗಡಿಯವರಿಗೆ ತಿಳಿಸಿದೆ. ನಾನು ಹಾಗೆಯೇ ಹೇಳುತ್ತೇನೆ. ಮುಖ ಸಿಂಡರಿಸುತ್ತಾರೆ, ಬಿಲ್ಲು ಕೊಡುತ್ತಾರೆ.